ಡೀಸೆಲ್ ಬಿಡಲು ನಾವು ಸಿದ್ಧ, ದಾರಿ ಮಾಡಿಕೊಡಿ: ಸಾರಿಗೆ ಸಚಿವರಿಗೆ ಒಬ್ಬ ಗೂಡ್ಸ್ ಗಾಡಿ ಡ್ರೈವರ್ ಬರೆದ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ಮತ್ತು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ಬೆಂಗಳೂರಿನಲ್ಲಿ ಗೂಡ್ಸ್ ಗಾಡಿ ಓಡಿಸುತ್ತೇನೆ. ಗಾಡಿ ಸ್ವಂತದ್ದು, ಡೀಸೆಲ್‌ದು. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಮೂಟೆಗಳನ್ನು ಸಗಟು ಮಾರುಕಟ್ಟೆಯ ಯಾರ್ಡ್‌ನಿಂದ ಅಂಗಡಿಗಳಿಗೆ ಹಾಕುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಇದೇ ಕೆಲಸ. ಗಾಳಿ ಕೆಟ್ಟಿದೆ ಅಂತ ನಿಮಗೆ ಎಷ್ಟೋ ಜನ ಬರೆದಿರುತ್ತಾರೆ. ಅವರೆಲ್ಲ ಹೊಗೆ ಕುಡಿಯುವವರು. ನಾನು ಹೊಗೆ ಕುಡಿಯುವವನೂ ಹೌದು, ಬಿಡುವವನೂ ಹೌದು. ಅದಕ್ಕೇ ನನ್ನ ಪತ್ರವನ್ನೂ ಒಮ್ಮೆ ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಬೆಳಗಿನ ಜಾವ ಮೂರೂವರೆಗೆ ಗಾಡಿ ಸ್ಟಾರ್ಟ್ ಮಾಡುತ್ತೇನೆ. ಸುಂಕದಕಟ್ಟೆ ಕಡೆ ಒಂದು ಸಣ್ಣ ಗಲ್ಲಿ ನಮ್ಮದು. ಎರಡೂ ಕಡೆ ಮನೆ, ಮಧ್ಯೆ ಒಂದು ಗಾಡಿ ಹೋಗುವಷ್ಟು ಜಾಗ. ಚಳಿಗಾಲದಲ್ಲಿ ಹಳೇ ಡೀಸೆಲ್ ಇಂಜಿನ್ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಮೊದಲು ಬಿಳಿ ಹೊಗೆ, ಆಮೇಲೆ ಕಪ್ಪು ಹೊಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಆ ಹೊಗೆ ಮೇಲಕ್ಕೂ ಹೋಗುವುದಿಲ್ಲ, ನೆಲದ ಹತ್ತಿರವೇ ನಿಂತಿರುತ್ತದೆ. ಎದುರು ಮನೆಯ ಅಜ್ಜಿ ನನ್ನ ಗಾಡಿ ಸದ್ದು ಕೇಳಿದ ಕೂಡಲೇ ಎದ್ದು ಕಿಟಕಿ ಹಾಕಿಕೊಳ್ಳುತ್ತಾರೆ. ಒಂದು ದಿನವೂ ಅವರು ನನಗೆ ಬೈದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಐದನೇ ವಯಸ್ಸಿನಿಂದ ಅವಳಿಗೆ ಉಬ್ಬಸ. ನೆಗಡಿ ಬಂದರೆ ಸಾಕು, ರಾತ್ರಿ ಎದೆಯಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬರುತ್ತದೆ. ನೆಬ್ಯುಲೈಜರ್ ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ಎರಡು ವರ್ಷದ ಹಿಂದೆ ಒಬ್ಬ ಡಾಕ್ಟರ್ ಅವಳನ್ನು ಪರೀಕ್ಷೆ ಮಾಡಿ, "ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತೀರಾ?" ಅಂತ ಕೇಳಿದರು. ಇಲ್ಲ ಅಂದೆ. ನಾನು ಬೀಡಿ ಸಿಗರೇಟ್ ಮುಟ್ಟಿದವನಲ್ಲ. ಅವರು ನನ್ನ ಅಂಗಿ ನೋಡಿ, ಏನು ಕೆಲಸ ಅಂತ ಕೇಳಿದರು. ಹೇಳಿದೆ. ಅವರು ಜಾಸ್ತಿ ಏನೂ ಹೇಳಲಿಲ್ಲ. ಕೆಲಸದಿಂದ ಬಂದ ಕೂಡಲೇ ಮಗೂನ ಎತ್ತಿಕೊಳ್ಳಬೇಡಿ, ಮೊದಲು ಸ್ನಾನ ಮಾಡಿ, ಬಟ್ಟೆ ಬೇರೆ ಹಾಕಿಕೊಳ್ಳಿ ಅಂದರು. ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಆದರೆ ಗಾಡಿ ನಿಲ್ಲುವುದು ಅವಳು ಮಲಗುವ ಕೋಣೆಯಿಂದ ಎಂಟು ಅಡಿ ದೂರದಲ್ಲಿ. ಬೇರೆ ಜಾಗ ನಮ್ಮ ಏರಿಯಾದಲ್ಲಿ ಇಲ್ಲ.

ಆಮೇಲೆ ಡೀಸೆಲ್ ಹೊಗೆ ಬಗ್ಗೆ ಓದಲು ಶುರು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ, ಕಲ್ನಾರು ಇರುವುದೂ ಅದೇ ಗುಂಪಿನಲ್ಲಿ. ಹೊಗೆಯಲ್ಲಿರುವ ಸಣ್ಣ ಕಣಗಳು, ಪಿಎಂ 2.5 ಅಂತ ಕರೆಯುತ್ತಾರಲ್ಲ, ಅವು ನಮ್ಮ ತಲೆಕೂದಲಿನ ದಪ್ಪಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ಸಣ್ಣವು. ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಅವರ ಮುಖ ಇರುವುದೂ ಸೈಲೆನ್ಸರ್ ಎತ್ತರದ ಹತ್ತಿರವೇ. ಇಷ್ಟು ಓದಿದ ಮೇಲೆ ಸ್ಕೂಲ್ ಬಿಡುವ ಹೊತ್ತಿನಲ್ಲಿ ಆ ರಸ್ತೆಗಳಲ್ಲಿ ಲೋಡ್ ಹಾಕಿಕೊಂಡು ಹೋಗಲು ನನಗೆ ಮನಸ್ಸೇ ಬರುವುದಿಲ್ಲ. ಆದರೂ ಹೋಗುತ್ತೇನೆ, ಬಾಡಿಗೆ ಬೇಕಲ್ಲ.

ನನ್ನ ಗಾಡಿ ಬಗ್ಗೆ ಸ್ವಲ್ಪ ಹೇಳಬೇಕು. ನನ್ನಂಥ ಗಾಡಿಗಳು ಈ ಊರಲ್ಲಿ ಲೆಕ್ಕವಿಲ್ಲದಷ್ಟಿವೆ. ನಾನು ಇದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. 2011ರಲ್ಲಿ ತುಮಕೂರಿನಲ್ಲಿ ರಿಜಿಸ್ಟರ್ ಆದ ಗಾಡಿ. ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವುದಕ್ಕೆ ಆಗ ದೇಶದಲ್ಲಿ ಎರಡು ನಿಯಮ ಇತ್ತು. ಅವನ್ನು ಭಾರತ್ ಸ್ಟೇಜ್, ಅಂದರೆ ಬಿಎಸ್ ಅಂತಾರೆ, ನಂಬರ್ ಜಾಸ್ತಿ ಆದಷ್ಟೂ ಮಿತಿ ಬಿಗಿ. ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಬಿಎಸ್-4, ಬೇರೆ ಊರುಗಳಿಗೆ ಬಿಎಸ್-3. ಎಲ್ಲ ಕಡೆ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಅಂದರೆ ವರ್ಷಗಟ್ಟಲೆ ಪಕ್ಕದ ಊರಿನಲ್ಲಿ ಬಿಎಸ್-3 ಗಾಡಿ ಮಾರಾಟ ಆಯಿತು, ಅವುಗಳಲ್ಲಿ ಎಷ್ಟೋ ಗಾಡಿ ದುಡಿಯಲು ಬೆಂಗಳೂರಿಗೇ ಬಂದವು. ಆ ಕಾಲದ ಸಣ್ಣ ಡೀಸೆಲ್ ಗಾಡಿ ಬಿಡಬಹುದಾಗಿದ್ದ ಕಣಗಳ ಮಿತಿ ಈಗಿನ ಬಿಎಸ್-6 ಮಿತಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅದೂ ಶೋರೂಮಿನಿಂದ ಹೊರಗೆ ಬಂದ ದಿನದ ಲೆಕ್ಕ. ಪಂಪ್, ನಾಜಲ್ ಸವೆದು, ಎರಡು ಸಲ ಇಂಜಿನ್ ಬಿಚ್ಚಿ ಬೋರ್ ಕೆಲಸ ಆದ ಗಾಡಿ ಇವತ್ತು ಎಷ್ಟು ಬಿಡುತ್ತಿದೆಯೋ.

ಎಮಿಷನ್ ಟೆಸ್ಟ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ನಾನೂ ತಪ್ಪದೆ ಮಾಡಿಸುತ್ತೇನೆ. ಒಂದು ಸಲ ಒಂದು ಕಡೆ ಹೋದಾಗ ಪೈಪನ್ನು ಸೈಲೆನ್ಸರ್ ಒಳಗೆ ಇಡಲೇ ಇಲ್ಲ, ನಂಬರ್ ಪ್ಲೇಟ್ ಫೋಟೋ ತೆಗೆದು, ದುಡ್ಡು ತೆಗೆದುಕೊಂಡು ಚೀಟಿ ಕೊಟ್ಟರು. ನಾನೂ ಸುಮ್ನೆ ಇಸಿದುಕೊಂಡು ಬಂದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಸರಿಯಾಗಿ ಟೆಸ್ಟ್ ಮಾಡಿದರೂ ಡೀಸೆಲ್ ಗಾಡಿಗೆ ನೋಡುವುದು ಹೊಗೆ ಎಷ್ಟು ದಟ್ಟವಾಗಿದೆ ಅನ್ನುವುದನ್ನು ಮಾತ್ರ. ಆ ಸಣ್ಣ ಕಣಗಳನ್ನು, ನೈಟ್ರೋಜನ್ ಆಕ್ಸೈಡುಗಳನ್ನು ಆ ಮಿಷನ್ ಅಳೆಯುವುದೇ ಇಲ್ಲ. ಹತ್ತು ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು ಅಂತ ಕಾನೂನಿನಲ್ಲಿದೆ. ದಂಡಕ್ಕೆ ಹೆದರಿ ನಾವು ಚೀಟಿ ಇಟ್ಟುಕೊಳ್ಳುತ್ತೇವೆ. ಹೊಗೆ ಎಂದಿನ ಹಾಗೆ ಬರುತ್ತಲೇ ಇರುತ್ತದೆ.

ಹಾಗಾಗಿ ಎಲೆಕ್ಟ್ರಿಕ್ ಗಾಡಿ ತೆಗೆದುಕೊಳ್ಳೋಣ ಅಂತ ಕಳೆದ ವರ್ಷ ತೀರ್ಮಾನ ಮಾಡಿದೆ. ನನ್ನ ದೂರು ಶುರುವಾಗುವುದು ಇಲ್ಲಿಂದ.

ಮೊದಲು ಲೆಕ್ಕ ಹೇಳುತ್ತೇನೆ. ದಿನಕ್ಕೆ ನನ್ನ ಗಾಡಿ ಓಡುವುದು ಸುಮಾರು ಎಪ್ಪತ್ತು ಕಿಲೋಮೀಟರ್. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ನಂದಿನಿ ಲೇಔಟ್, ಮಲ್ಲೇಶ್ವರ, ಅಷ್ಟೇ ನನ್ನ ಲೈನ್. ಟ್ರಾಫಿಕ್‌ನಲ್ಲಿ ಲೀಟರಿಗೆ ಹದಿನಾಲ್ಕು ಕೊಟ್ಟರೆ ಅದೇ ದೊಡ್ಡದು. ಐದು ಲೀಟರ್ ಡೀಸೆಲ್ ಬೇಕು, ಲೀಟರಿಗೆ 90 ರೂಪಾಯಿ ಆಸುಪಾಸು, ಅಲ್ಲಿಗೆ ದಿನಕ್ಕೆ 450. ಅದೇ ಸೈಜಿನ ಎಲೆಕ್ಟ್ರಿಕ್ ಗಾಡಿ ಇಟ್ಟುಕೊಂಡಿರುವ ನನ್ನ ಸ್ನೇಹಿತನೊಬ್ಬ ಲೋಡ್ ಹಾಕಿಕೊಂಡು ಒಂದು ಯೂನಿಟ್‌ಗೆ ಐದು ಕಿಲೋಮೀಟರ್ ಓಡಿಸುತ್ತಾನೆ. ಎಪ್ಪತ್ತು ಕಿಲೋಮೀಟರಿಗೆ 14 ಯೂನಿಟ್. ಯೂನಿಟ್‌ಗೆ ಹತ್ತು ರೂಪಾಯಿ ಅಂತಲೇ ಹಿಡಿದರೂ 140 ರೂಪಾಯಿ. ದಿನಕ್ಕೆ ಕಡಿಮೆ ಅಂದರೂ 300 ರೂಪಾಯಿ ಉಳಿತಾಯ. ತಿಂಗಳಿಗೆ 26 ದಿನ ದುಡಿದರೆ 7,800. ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಇಷ್ಟು ಉಳಿಯುತ್ತೆ ಅಂದಮೇಲೆ ಯಾವ ಡ್ರೈವರ್ ಬೇಡ ಅಂತಾನೆ ಸಾರ್?

ಆದರೂ ಯಾಕೆ ತೆಗೆದುಕೊಳ್ಳುತ್ತಿಲ್ಲ? ನಾನು ವಿಚಾರಿಸಿದಾಗ ನನಗೆ ಬೇಕಾದ ಗಾಡಿಗೆ ಡೀಸೆಲ್ ಗಾಡಿಗಿಂತ ಮೂರು ಲಕ್ಷಕ್ಕೂ ಜಾಸ್ತಿ ಹೇಳಿದರು. ಸಬ್ಸಿಡಿ ಎಷ್ಟು ಸಿಗುತ್ತೆ ಅಂತ ಕೇಳಿದೆ. ಏನೂ ಇಲ್ಲ ಅಂದರು. ಮೊದಲು ನಂಬಲಿಲ್ಲ, ಆಮೇಲೆ ನಾನೇ ಕೂತು ಓದಿದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, 10,900 ಕೋಟಿ ರೂಪಾಯಿಯದ್ದು. ಅದರಲ್ಲಿ ಎರಡು ಚಕ್ರದ ಗಾಡಿಗೆ ಇಟ್ಟರು, ಮೂರು ಚಕ್ರದ್ದಕ್ಕೆ ಇಟ್ಟರು, ಬಸ್ಸಿಗೆ ಇಟ್ಟರು, ಆಂಬ್ಯುಲೆನ್ಸ್‌ಗೆ ಇಟ್ಟರು, ಮೂರೂವರೆ ಟನ್ ದಾಟಿದ ಟ್ರಕ್ಕಿಗೆ ಇಟ್ಟರು. ಮಧ್ಯದಲ್ಲಿರುವ ನಮ್ಮ ಸಣ್ಣ ನಾಲ್ಕು ಚಕ್ರದ ಗೂಡ್ಸ್ ಗಾಡಿಗೆ ಮಾತ್ರ ಇಡಲಿಲ್ಲ. ಇಡೀ ಊರಿನ ತರಕಾರಿ, ದಿನಸಿ, ಗ್ಯಾಸ್ ಸಿಲಿಂಡರ್, ಹಾಲು, ಸಿಮೆಂಟ್, ಮದುವೆ ಮನೆಯ ಪಾತ್ರೆ ಹೊರುವುದು ನಾವು. ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ.

ಮೂರು ಚಕ್ರದ್ದೇ ತೆಗೆದುಕೊಳ್ಳಬಹುದಲ್ವಾ ಅಂತ ಕೇಳುವವರಿದ್ದಾರೆ. ನನ್ನ ಜೊತೆಯ ಕೆಲವರು ತೆಗೆದುಕೊಂಡಿದ್ದಾರೆ, ಪಾರ್ಸೆಲ್, ಬ್ರೆಡ್ಡು, ಬಿಸ್ಕೆಟ್ ಹಾಕುವವರಿಗೆ ಅದು ಚೆನ್ನಾಗಿ ಆಗುತ್ತದೆ. ಐವತ್ತು ಕಿಲೋದ ಹದಿನೈದು ಮೂಟೆ ಈರುಳ್ಳಿ ಹಾಕಿಕೊಂಡು ಫ್ಲೈಓವರ್ ಹತ್ತುವವನಿಗೆ ಅದು ಆಗುವುದಿಲ್ಲ.

ಸಾಲದ ಕಥೆ ಇನ್ನೂ ಕಷ್ಟ. ನಾನು ಇದುವರೆಗೆ ಒಂದು ಕಂತೂ ತಪ್ಪಿಸಿದವನಲ್ಲ. ಆದರೂ ಒಂದು ಫೈನಾನ್ಸ್ ಕಂಪನಿಯವರು, ಎಲೆಕ್ಟ್ರಿಕ್ ಗಾಡಿ ನಾಳೆ ಸೀಜ್ ಮಾಡಿದರೆ ಯಾರಿಗೆ ಮಾರೋದು, ಬ್ಯಾಟರಿಗೆ ಏನು ಬೆಲೆ ಕಟ್ಟೋದು ಅಂತ ಮುಖದ ಮೇಲೇ ಕೇಳಿದರು. ಡೀಸೆಲ್ ಗಾಡಿಗೆ ಐದು ವರ್ಷ ಕೊಡುವ ಸಾಲವನ್ನು ಇದಕ್ಕೆ ಮೂರೇ ವರ್ಷಕ್ಕೆ ಕಟ್ಟಬೇಕು ಅಂದರು. ಬಡ್ಡಿಯೂ ಜಾಸ್ತಿ, ಕೈಯಿಂದ ಹಾಕಬೇಕಾದ ದುಡ್ಡೂ ಜಾಸ್ತಿ. ಡೀಸೆಲ್‌ನಲ್ಲಿ ಉಳಿಯುವ ದುಡ್ಡೆಲ್ಲ ಕಂತಿಗೇ ಹೋಗಿ ಮೇಲೆ ಇನ್ನಷ್ಟು ಕೈಯಿಂದ ಬೀಳುತ್ತದೆ. ಅವರದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಹೊಸ ವಸ್ತು, ಅವರಿಗೂ ಭಯ. ಆ ಭಯದ ಒಂದು ಪಾಲನ್ನು ಸರ್ಕಾರ ಹೊರಬೇಕು. ಸಾಲಕ್ಕೆ ಸರ್ಕಾರ ಗ್ಯಾರಂಟಿ ನಿಂತರೆ, ಬಡ್ಡಿಯಲ್ಲಿ ಸ್ವಲ್ಪ ಭಾಗ ಕಟ್ಟಿಕೊಟ್ಟರೆ, ನನಗೆ ಸಬ್ಸಿಡಿ ಕೊಡುವುದಕ್ಕಿಂತಲೂ ಅದು ದೊಡ್ಡ ಸಹಾಯ.

ಈಗ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2017ರಲ್ಲಿ ಇಡೀ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಎಲೆಕ್ಟ್ರಿಕ್ ಗಾಡಿಗಳಿಗೆ ಎಷ್ಟೋ ವರ್ಷ ರಸ್ತೆ ತೆರಿಗೆಯನ್ನೇ ಹಾಕಲಿಲ್ಲ. ಒಳ್ಳೆಯ ಕೆಲಸ. ಆದರೆ ಇದರ ಲಾಭ ಯಾರಿಗೆ ಹೋಯಿತು ಅಂತ ನೋಡಿ. ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ತೆರಿಗೆಯೇ ಮೂರು ಲಕ್ಷ ದಾಟುತ್ತದೆ. ಅದೇ ಬೆಲೆಯ ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರಿಗೆ ಅಷ್ಟೂ ಉಳಿಯಿತು. 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಶೇಕಡಾ 10 ತೆರಿಗೆ ಹಾಕಿದ್ದು 2024ರಲ್ಲಿ. ನನ್ನಂಥ ಗೂಡ್ಸ್ ಗಾಡಿಗೆ ತೆರಿಗೆ ಮೊದಲೇ ಕಡಿಮೆ, ಹಾಗಾಗಿ ಅದನ್ನು ಬಿಟ್ಟುಕೊಟ್ಟರೂ ನನಗೆ ಸಿಗುವುದು ಅಷ್ಟರಲ್ಲೇ ಇದೆ. ಕಾರಿನವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ದಿನಕ್ಕೆ ಒಂದು ಗಂಟೆ ಓಡಿ ಬೇಸ್‌ಮೆಂಟ್‌ನಲ್ಲಿ ನಿಲ್ಲುವ ಕಾರನ್ನು ಬದಲಾಯಿಸಿದರೆ ಗಾಳಿಗೆ ಎಷ್ಟು ಅನುಕೂಲ, ದಿನಕ್ಕೆ ಹತ್ತು ಗಂಟೆ ಗಲ್ಲಿ ಗಲ್ಲಿ ಸುತ್ತುವ ಹದಿನೈದು ವರ್ಷ ಹಳೆಯ ಡೀಸೆಲ್ ಗಾಡಿಯನ್ನು ಬದಲಾಯಿಸಿದರೆ ಎಷ್ಟು ಅನುಕೂಲ? ಒಂದೇ ಮೂರು ಲಕ್ಷವನ್ನು ಎಲ್ಲಿ ಹಾಕಿದರೆ ಜಾಸ್ತಿ ಹೊಗೆ ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಬಸ್ಸಿನ ವಿಷಯದಲ್ಲಿ ಆದ ಕೆಲಸ ನನ್ನ ಕಣ್ಣೆದುರಿಗೇ ಇದೆ. ಬಿಎಂಟಿಸಿ 2014ರಲ್ಲಿ ಒಂದೇ ಒಂದು ಎಲೆಕ್ಟ್ರಿಕ್ ಬಸ್ಸನ್ನು ಪ್ರಯೋಗಕ್ಕೆ ಓಡಿಸಿತ್ತು. 2021ರ ಡಿಸೆಂಬರ್‌ನಲ್ಲಿ ಮೆಟ್ರೊ ಫೀಡರ್ ಬಸ್ಸುಗಳು ಬಂದವು. ಈಗ ಸಾವಿರಕ್ಕೂ ಜಾಸ್ತಿ ಎಲೆಕ್ಟ್ರಿಕ್ ಬಸ್ಸು ಊರಲ್ಲಿ ಓಡುತ್ತಿವೆ, ಪಿಎಂ ಇ-ಡ್ರೈವ್‌ನಲ್ಲಿ ಇನ್ನೂ 4,500 ಬಸ್ಸು ಬೆಂಗಳೂರಿಗೆ ಹಂಚಿಕೆಯಾಗಿದೆ. ಸಿಗ್ನಲ್‌ನಲ್ಲಿ ಹಳೇ ಡೀಸೆಲ್ ಬಸ್ಸಿನ ಹಿಂದೆ ನಿಂತರೆ ಕಣ್ಣು ಉರಿಯುತ್ತಿತ್ತು. ಈಗ ಎಲೆಕ್ಟ್ರಿಕ್ ಬಸ್ಸಿನ ಹಿಂದೆ ನಿಂತಾಗ ಗಾಜು ಏರಿಸುವುದೇ ಇಲ್ಲ. ಚೀನಾದ ಶೆಂಜೆನ್ ಊರು 2017ರ ಕೊನೆಗೇ ತನ್ನ ಹದಿನಾರು ಸಾವಿರಕ್ಕೂ ಜಾಸ್ತಿ ಬಸ್ಸುಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿ ಮುಗಿಸಿತು. ಬಸ್ಸು ಬೇಗ ಬದಲಾದದ್ದು ಯಾಕೆ? ಅದು ದಿನಾ ಒಂದೇ ದಾರಿಯಲ್ಲಿ ಓಡಿ ರಾತ್ರಿ ಒಂದೇ ಡಿಪೋಗೆ ಬರುತ್ತದೆ. ಚಾರ್ಜರ್ ಎಲ್ಲಿ ಹಾಕಬೇಕು ಅಂತ ಯೋಚನೆಯೇ ಬೇಡ. ಹಾಗೆ ದಿನಾ ಒಂದೇ ಲೈನಿನಲ್ಲಿ ಸುತ್ತುವ ಗಾಡಿಗಳು ಬಸ್ಸು ಮಾತ್ರವಾ?

ಕಸದ ಗಾಡಿ ನೋಡಿ. ಬೆಳಿಗ್ಗೆ ಆರಕ್ಕೆ ಶುರುವಾಗಿ ಮನೆ ಮನೆ ಮುಂದೆ ನಿಂತು ನಿಂತು ಹೋಗುತ್ತದೆ. ನಿಂತಾಗಲೂ ಇಂಜಿನ್ ಓಡುತ್ತಲೇ ಇರುತ್ತದೆ. ಅದರ ಹಿಂದೆ ಬರಿಗೈಯಲ್ಲಿ ಕಸ ಎತ್ತುವ ಹೆಣ್ಣುಮಕ್ಕಳು ಎಂಟು ಗಂಟೆ ಆ ಹೊಗೆಯಲ್ಲೇ ನಿಂತಿರುತ್ತಾರೆ. ನನಗಾದರೂ ಮುಂದೆ ಕೂರಲು ಕ್ಯಾಬಿನ್ ಇದೆ, ಅವರಿಗೆ ಅದೂ ಇಲ್ಲ. ಒಂದು ವಾರ್ಡ್ ಒಳಗೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡುವ ಗಾಡಿ ಅದು, ಎಲೆಕ್ಟ್ರಿಕ್ ಮಾಡಲು ಅದಕ್ಕಿಂತ ಸುಲಭದ್ದು ಇಲ್ಲ. ಮೇಲಾಗಿ ಅದಕ್ಕೆ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಟೆಂಡರ್ ಕೊಡುವವರು ನೀವೇ. ಮುಂದಿನ ಟೆಂಡರ್‌ನಲ್ಲಿ ಮನೆ ಮನೆ ಕಸ ಎತ್ತುವ ಆಟೋ ಎಲೆಕ್ಟ್ರಿಕ್ ಆಗಿರಲೇಬೇಕು ಅಂತ ಒಂದು ಸಾಲು ಬರೆದರೆ ಸಾಕು.

ನೀರಿನ ಟ್ಯಾಂಕರ್‌ದೂ ಇದೇ ಕಥೆ. ಬೋರ್‌ವೆಲ್‌ನಿಂದ ಅಪಾರ್ಟ್‌ಮೆಂಟಿಗೆ, ಅಪಾರ್ಟ್‌ಮೆಂಟಿನಿಂದ ಬೋರ್‌ವೆಲ್‌ಗೆ, ಮೂರು ನಾಲ್ಕು ಕಿಲೋಮೀಟರಿನ ಟ್ರಿಪ್. ಅವುಗಳಲ್ಲಿ ಎಷ್ಟೋ ಬೇರೆ ಕೆಲಸಕ್ಕೆ ಆಗದ ಹಳೇ ಲಾರಿಗಳು. ಅವು ಎಷ್ಟಿವೆ, ಎಲ್ಲಿವೆ ಅಂತ ಲೆಕ್ಕ ಸಿಗುವುದಿಲ್ಲ ಅಂತ ಹೇಳಬೇಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಇದೇ ಸರ್ಕಾರ ಕೆಲವೇ ದಿನಗಳಲ್ಲಿ ಟ್ಯಾಂಕರ್‌ಗಳು ನೋಂದಣಿ ಮಾಡಿಸಬೇಕು ಅಂತ ಆದೇಶ ಮಾಡಿತು, ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ, ಹನ್ನೆರಡು ಸಾವಿರ ಲೀಟರಿಗೆ 1,000 ಅಂತ ರೇಟೂ ಕಟ್ಟಿತು. ಮನಸ್ಸು ಮಾಡಿದರೆ ಆಗುತ್ತದೆ ಅಂತ ಅವತ್ತು ನಾವೆಲ್ಲ ನೋಡಿದೆವು. ಗಾಳಿಗೂ ಅಷ್ಟೇ ಮನಸ್ಸು ಮಾಡಿ. ಸ್ಕೂಲ್ ವ್ಯಾನ್‌ಗಳ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ, ಅದರೊಳಗೆ ಕೂರುವವರು ಯಾರು ಅಂತ ನಿಮಗೆ ಗೊತ್ತು.

ಇನ್ನು ಚಾರ್ಜಿಂಗ್. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು ಅಂತ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ದಿನದಲ್ಲಿ ಅವು ಎಲ್ಲಿ ಸಿಗುತ್ತವೆ? ಮಾಲ್‌ನಲ್ಲಿ, ಟೆಕ್ ಪಾರ್ಕ್‌ನಲ್ಲಿ, ದೊಡ್ಡ ಹೋಟೆಲ್‌ನಲ್ಲಿ. ಮೂಟೆ ಹೇರಿದ ಗಾಡಿಯನ್ನು ಮಾಲ್‌ನ ಗೇಟಿನೊಳಗೆ ಸೆಕ್ಯುರಿಟಿಯವರು ಬಿಡುತ್ತಾರಾ? ಮನೆಯಲ್ಲಿ ಹಾಕೋಣ ಅಂದರೆ ನಾನಿರುವುದು ಬಾಡಿಗೆ ಮನೆಯಲ್ಲಿ, ಮೊದಲನೇ ಮಹಡಿಯಲ್ಲಿ. ಕಿಟಕಿಯಿಂದ ವೈರ್ ಎಳೆಯುವುದಕ್ಕೆ ಓನರ್ ಒಪ್ಪಲಿಲ್ಲ. ಮಳೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಅಂತ ಅವರ ಭಯ, ಅದೂ ಸರಿಯೇ.

ಆದರೆ ಒಂದು ಜಾಗ ಇದೆ ಸಾರ್. ನಾವು ಯಾರ್ಡ್‌ನಲ್ಲಿ ದಿನಾ ಎರಡು ಮೂರು ಗಂಟೆ ಸುಮ್ನೆ ನಿಂತಿರುತ್ತೇವೆ. ಮಂಡಿಯಲ್ಲಿ ಹರಾಜು ಆಗಬೇಕು, ತೂಕ ಆಗಬೇಕು, ಹಮಾಲರು ಬರಬೇಕು, ಚೀಟಿ ಸಿಗಬೇಕು. ಅಷ್ಟು ಹೊತ್ತು ನೂರಾರು ಗಾಡಿ ಸಾಲಾಗಿ ನಿಂತಿರುತ್ತವೆ. ಎಷ್ಟೋ ಗಾಡಿಗಳ ಇಂಜಿನ್ ಆನ್ ಇರುತ್ತದೆ, ಸಾಲು ಮುಂದಕ್ಕೆ ಹೋದಾಗ ಹೋಗಬೇಕಲ್ಲ. ಆ ಹೊಗೆಯಲ್ಲೇ ಹಮಾಲರು ಮೂಟೆ ಹೊರುತ್ತಾರೆ. ನಮ್ಮ ಗಾಡಿಗಳು ನಿಲ್ಲುವ ಆ ಎರಡು ಗಂಟೆಯೇ ಚಾರ್ಜ್ ಮಾಡುವ ಹೊತ್ತು. ಯಶವಂತಪುರದ ಎಪಿಎಂಸಿ, ದಾಸನಪುರ, ಕಲಾಸಿಪಾಳ್ಯ, ದೇವರಾಜ ಅರಸು ಟ್ರಕ್ ಟರ್ಮಿನಲ್, ಪೀಣ್ಯ ಕೈಗಾರಿಕಾ ಪ್ರದೇಶ, ಇಲ್ಲೆಲ್ಲ ಗೂಡ್ಸ್ ಗಾಡಿಗೆ ಅಂತಲೇ ಸಾಲು ಸಾಲು ಪಾಯಿಂಟ್ ಹಾಕಿಸಿ. ಪಿಎಂ ಇ-ಡ್ರೈವ್‌ನಲ್ಲಿ ಚಾರ್ಜಿಂಗ್‌ಗೆ ಅಂತಲೇ 2,000 ಕೋಟಿ ಇಟ್ಟಿದ್ದಾರೆ. ಅದರಲ್ಲಿ ನಮ್ಮ ಯಾರ್ಡ್‌ಗಳಿಗೆ ಪಾಲು ಕೇಳಿ. ರಾತ್ರಿ ಹೊತ್ತು ಪಾಲಿಕೆಯ ಮೈದಾನ, ಮಾರ್ಕೆಟ್ ಕಟ್ಟಡಗಳ ಜಾಗ ಖಾಲಿ ಬಿದ್ದಿರುತ್ತದೆ. ಅಲ್ಲಿ ಚಾರ್ಜಿಂಗ್ ಇಟ್ಟು ಬಾಡಿಗೆ ತೆಗೆದುಕೊಳ್ಳಿ, ನಾವು ಕೊಡುತ್ತೇವೆ. ನನ್ನ ಗಾಡಿ ನನ್ನ ಮಗಳ ಕೋಣೆ ಪಕ್ಕದಿಂದ ಆಚೆ ಹೋದರೆ ಅದಕ್ಕೆ ಬಾಡಿಗೆ ಕೊಡಲು ನನಗೆ ಸಂತೋಷವೇ.

ದಯವಿಟ್ಟು ಒಂದು ತಪ್ಪು ಮಾಡಬೇಡಿ. ಮೊದಲು ನಿಷೇಧ, ಆಮೇಲೆ ವ್ಯವಸ್ಥೆ ಅಂತ ಹೋಗಬೇಡಿ. ಡೆಲ್ಲಿಯಲ್ಲಿ ಆದದ್ದು ನೋಡಿ. 1998ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಬಸ್ಸುಗಳೆಲ್ಲ ಸಿಎನ್‌ಜಿ ಆಗಬೇಕು ಅಂತ ಆದೇಶ ಮಾಡಿತು. ಆದದ್ದು 2002ರ ಕೊನೆಗೆ. ಕೋರ್ಟ್ ಗಟ್ಟಿಯಾಗಿ ನಿಂತದ್ದರಿಂದಲೇ ಅದು ಆಯಿತು, ಅದನ್ನು ಒಪ್ಪಲೇಬೇಕು. ಆದರೆ ಆ ದಿನಗಳಲ್ಲಿ ಸಾಕಷ್ಟು ಸಿಎನ್‌ಜಿ ಬಂಕ್ ಇಲ್ಲದೆ ಆಟೋದವರು ದುಡಿಮೆ ಬಿಟ್ಟು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕಾಯಿತು. 2025ರ ಜುಲೈ 1ರಿಂದ ಅದೇ ಡೆಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಬಂಕ್‌ನಲ್ಲಿ ಡೀಸೆಲ್ ಹಾಕಬಾರದು ಅಂತ ಹೊರಟರು. ಜನರ ವಿರೋಧ ಬಂದು ಕೆಲವೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ನಾಳೆ ಇಲ್ಲೂ ಯಾರೋ ಒಬ್ಬರು ಕೋರ್ಟಿಗೆ ಹೋಗಿ ಹಳೇ ಡೀಸೆಲ್ ಗಾಡಿ ನಿಲ್ಲಿಸಿ ಅಂತ ಆದೇಶ ತರಬಹುದು. ಆಗ ನನ್ನ ಮಗಳ ಎದೆಗೆ ಒಳ್ಳೆಯದಾಗುತ್ತದೆ, ಹೊಟ್ಟೆಗೆ ಕಷ್ಟವಾಗುತ್ತದೆ. ಎದೆಗೂ ಹೊಟ್ಟೆಗೂ ಒಳ್ಳೆಯದಾಗುವ ಹಾಗೆ ಮಾಡುವುದು ಈಗ ನಿಮ್ಮ ಕೈಯಲ್ಲಿದೆ. ಹಳೇ ಗಾಡಿ ಗುಜರಿಗೆ ಹಾಕಿದವರಿಗೆ ಒಂದಿಷ್ಟು ದುಡ್ಡು, ಹೊಸ ಎಲೆಕ್ಟ್ರಿಕ್ ಗಾಡಿಗೆ ಕಡಿಮೆ ಬಡ್ಡಿಯ ಸಾಲ, ನಿಲ್ಲುವ ಜಾಗದಲ್ಲಿ ಚಾರ್ಜಿಂಗ್. ಇಷ್ಟು ಮಾಡಿ ಎರಡು ಮೂರು ವರ್ಷ ಟೈಮ್ ಕೊಟ್ಟು, ಆಮೇಲೆ ನಿಷೇಧ ಮಾಡಿ. ನಾನೇ ಮೊದಲು ಬೆಂಬಲ ಕೊಡುತ್ತೇನೆ.

ಕರೆಂಟೂ ಕಲ್ಲಿದ್ದಲಿನಿಂದಲೇ ಬರುವುದಲ್ವಾ, ಹೊಗೆ ಇಲ್ಲಿಂದ ರಾಯಚೂರಿಗೆ ಹೋಗುತ್ತದೆ ಅಷ್ಟೇ ಅಂತ ನನ್ನ ಭಾವಮೈದುನ ವಾದ ಮಾಡುತ್ತಾನೆ. ಅವನ ಮಾತಿನಲ್ಲಿ ಸತ್ಯ ಇದೆ. ರಾಯಚೂರು, ಬಳ್ಳಾರಿಯ ಉಷ್ಣ ಸ್ಥಾವರಗಳ ಸುತ್ತ ಇರುವವರೂ ನಮ್ಮ ಹಾಗೇ ಉಸಿರಾಡುವ ಜನ, ಅವರ ಮೇಲೆ ಹೊರೆ ಹಾಕಿ ನಾವು ಚೆನ್ನಾಗಿರುವುದು ನ್ಯಾಯವಲ್ಲ. ಆದರೆ ನಮ್ಮ ರಾಜ್ಯದ ಕರೆಂಟು ಪೂರ್ತಿ ಕಲ್ಲಿದ್ದಲಿನದಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಶರಾವತಿಯಲ್ಲಿ 1,035 ಮೆಗಾವ್ಯಾಟ್‌ನ ಜಲವಿದ್ಯುತ್ ಇದೆ, ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಹಗಲು ಹನ್ನೆರಡರಿಂದ ಮೂರರವರೆಗೆ ಸೋಲಾರ್ ಕರೆಂಟು ಜಾಸ್ತಿ ಇರುತ್ತದೆ. ನಮ್ಮ ಕೆಲಸ ಮುಗಿಯುವುದೂ ಅದೇ ಹೊತ್ತಿಗೆ. ಆ ಹೊತ್ತಿನಲ್ಲಿ ಚಾರ್ಜ್ ಮಾಡುವವರಿಗೆ ಯೂನಿಟ್ ರೇಟು ಇಳಿಸಿದರೆ ನಾವೇ ಸಾಲು ನಿಲ್ಲುತ್ತೇವೆ. ಎಲೆಕ್ಟ್ರಿಕ್ ಗಾಡಿ ಬಂದರೆ ಧೂಳು ಪೂರ್ತಿ ಹೋಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ಟೈರ್ ಸವೆಯುತ್ತದೆ, ಕಿತ್ತುಹೋದ ರಸ್ತೆಯ ಮಣ್ಣು ಏಳುತ್ತದೆ. ಅದು ಬೇರೆ ಪತ್ರದ ವಿಷಯ.

ಇನ್ನೊಬ್ಬರ ಪರವಾಗಿಯೂ ನಾನು ಕೇಳಬೇಕು. ಕಾಮಾಕ್ಷಿಪಾಳ್ಯದ ಕಡೆ ನನ್ನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಅಣ್ಣ ಇದ್ದಾರೆ. ಇಪ್ಪತ್ತೈದು ವರ್ಷದಿಂದ ಪಂಪು ನಾಜಲ್ ಕೆಲಸವೇ ಅವರ ಜೀವನ. ನಾನು ಎಲೆಕ್ಟ್ರಿಕ್ ವಿಷಯ ತೆಗೆದಾಗ ಅವರು ಸ್ಪ್ಯಾನರ್ ಕೆಳಗಿಟ್ಟು, "ಒಳ್ಳೇದಪ್ಪ, ತಗೋ. ನಾವೇನ್ ಮಾಡೋದು ಹೇಳು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಐಟಿಐಗಳಲ್ಲಿ ಸಂಜೆ ಹೊತ್ತು ಇಂಥ ಹಳೇ ಮೆಕ್ಯಾನಿಕ್‌ಗಳಿಗೆ ಮೋಟಾರ್, ಬ್ಯಾಟರಿ, ವೈರಿಂಗ್ ಕೆಲಸ ಕಲಿಸುವ ತರಗತಿ ಕನ್ನಡದಲ್ಲೇ ಶುರು ಮಾಡಿ. ಕಲಿಯುವ ದಿನಗಳಿಗೆ ಸ್ವಲ್ಪ ದುಡ್ಡೂ ಕೊಡಿ, ಗ್ಯಾರೇಜು ಮುಚ್ಚಿ ಬರಬೇಕಲ್ಲ. ಸರ್ವೀಸ್ ಕೆಲಸವೆಲ್ಲ ಕಂಪನಿ ಶೋರೂಮಿಗೇ ಹೋದರೆ ನಮಗೂ ತೊಂದರೆ. ಬೆಳಿಗ್ಗೆ ನಾಲ್ಕಕ್ಕೆ ಗಾಡಿ ನಿಂತರೆ ಯಾವ ಶೋರೂಮ್ ತೆಗೆದಿರುತ್ತದೆ?

2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗಿನಿಂದ ಅದರ ಪಟ್ಟಿಯಲ್ಲಿ ನಮ್ಮ ರಾಜ್ಯದ ನಾಲ್ಕು ಊರುಗಳಿವೆ. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ನಾನು ಬೆಂಗಳೂರಿನ ಮಾತು ಹೇಳಿದೆ, ಆದರೆ ದಾವಣಗೆರೆಯ ಮಾರ್ಕೆಟ್‌ನಲ್ಲಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ನಿಂತಿರುವ ಡ್ರೈವರ್‌ನ ಕಷ್ಟವೂ ಇದೇ. ಡೆಲ್ಲಿಗಿಂತ ನಮ್ಮ ಗಾಳಿ ಚೆನ್ನಾಗಿದೆ ಅಂತ ಸಮಾಧಾನ ಮಾಡಿಕೊಳ್ಳುವವರನ್ನು ನೋಡುತ್ತೇನೆ. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ವರ್ಷದ ಸರಾಸರಿ 40 ಮೈಕ್ರೋಗ್ರಾಂ ಒಳಗಿದ್ದರೆ ಸರಿ ಅನ್ನುತ್ತದೆ ನಮ್ಮ ದೇಶದ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಎರಡರ ನಡುವೆ ಬಹಳ ಅಂತರ ಇದೆ, ಆ ಅಂತರದಲ್ಲೇ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ಸರಾಸರಿ ಅನ್ನುವುದು ಇಡೀ ಊರಿನ ಲೆಕ್ಕ. ನಮ್ಮ ಗಲ್ಲಿಯಲ್ಲಿ ಬೆಳಿಗ್ಗೆ ಮೂರೂವರೆಗೆ ಎಷ್ಟಿರುತ್ತದೆ ಅಂತ ಯಾರೂ ಅಳೆದಿಲ್ಲ.

ಒಂದು ದಿನ ಯಾರ್ಡ್‌ಗೆ ಬನ್ನಿ ಸಾರ್. ಬೆಳಿಗ್ಗೆ ನಾಲ್ಕು ಗಂಟೆಗೆ, ಮುಂಚೆ ಹೇಳದೆ ಬನ್ನಿ. ನಮ್ಮ ಜೊತೆ ಒಂದು ಟೀ ಕುಡಿಯಿರಿ. ಎಷ್ಟು ಗಾಡಿ ನಿಂತಿವೆ, ಎಷ್ಟು ಹೊತ್ತು ನಿಲ್ಲುತ್ತವೆ, ಯಾರ ಗಾಡಿ ಎಷ್ಟು ವರ್ಷದ್ದು ಅಂತ ಎಣಿಸೋಣ. ಎಲೆಕ್ಟ್ರಿಕ್‌ಗೆ ಹೋಗಲು ಏನು ಬೇಕು ಅಂತ ನೀವೇ ಅವರನ್ನು ಕೇಳಿ. ನನಗಿಂತ ಚೆನ್ನಾಗಿ ಹೇಳುವವರು ಅಲ್ಲಿದ್ದಾರೆ.

ಬರುವ ಮಾರ್ಚ್‌ಗೆ ನನ್ನ ಗಾಡಿಯ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮುಗಿಯುತ್ತದೆ. ಇಂಜಿನ್ ಮತ್ತೆ ಬಿಚ್ಚಿಸಿ, ಅರವತ್ತು ಸಾವಿರ ಖರ್ಚು ಮಾಡಿ ಇದನ್ನೇ ಇನ್ನೂ ನಾಲ್ಕು ವರ್ಷ ಓಡಿಸಬೇಕಾ, ಇಲ್ಲ ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಬೇಕಾ ಅಂತ ಅಷ್ಟರೊಳಗೆ ತೀರ್ಮಾನ ಮಾಡಬೇಕು. ಅರವತ್ತು ಸಾವಿರ ಒಮ್ಮೆ ಹಾಕಿಬಿಟ್ಟರೆ ಆಮೇಲೆ ನೀವು ಎಂಥ ಯೋಜನೆ ತಂದರೂ ನಾನು ನಾಲ್ಕು ವರ್ಷ ಗಾಡಿ ಬಿಡುವ ಹಾಗಿಲ್ಲ. ನನ್ನ ಹಾಗೆ ಎಫ್‌ಸಿ ಚೀಟಿ ಹಿಡಿದು ಯೋಚನೆ ಮಾಡುತ್ತಿರುವವರು ಬಹಳ ಜನ. ಅಷ್ಟರೊಳಗೆ ನಿಮ್ಮ ಕಡೆಯಿಂದ ಒಂದು ಉತ್ತರ ಬರಲಿ ಅಂತ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಗೂಡ್ಸ್ ಗಾಡಿ ಡ್ರೈವರ್